ಗೋಣಿ ಮರದ ಕೆಳಗೆ ಕೊಕ್ಕರೆ, ಮೇಲೆ ಮಂಗ

ಜುಲೈ ಮೂರನೆಯ ವಾರ. ಕೊಡಗಿನ ಶ್ರೀಮಂಗಲದಿಂದ ಆಚೆಗೆ, ಬ್ರಹ್ಮಗಿರಿಯ ಬೆಟ್ಟಸಾಲು ಕಣ್ಣೆದುರಿಗೇ ಎದ್ದು ನಿಂತಂತಿರುವ ಬಯಲಿನಲ್ಲಿ ನಮ್ಮ ಚಿಕ್ಕಪ್ಪನ ಗದ್ದೆಯಿದೆ. ಎರಡು ದಿನ ಬಿಡದೆ ಹೊಯ್ದ ಮಳೆ ಅಂದು ಬೆಳಿಗ್ಗೆ ತುಸು ಹೊಳವು ಕೊಟ್ಟಿತ್ತು. ಟಿಲ್ಲರ್ ಕೆಸರನ್ನು ಮಗುಚುತ್ತಾ ಸಾಗುತ್ತಿತ್ತು, ಅದರ ಬೆನ್ನಿಗೇ ಬೆಳ್ಳಕ್ಕಿಗಳ ಹಿಂಡು. ಬೆಳ್ಳಕ್ಕಿಗಳಿಗೆ ಟಿಲ್ಲರ್ ಎಂದರೆ ಹೆದರಿಕೆಯಿಲ್ಲ. ಆದರೆ ಮೂರು ಗದ್ದೆಗಳ ಆಚೆ, ಇನ್ನೂ ಉಳದ ಮಡಿಯಲ್ಲಿ, ಒಂಟಿಯಾಗಿ ನಿಂತಿದ್ದ ಹಕ್ಕಿಯ ರೀತಿಯೇ ಬೇರೆ. ಅದು ಬಿಳಿ ಕತ್ತಿನ ಕೊಕ್ಕರೆ.

ನಾನು ಬದುವಿನ ಮೇಲೆ ಕುಳಿತು ಅದನ್ನೇ ನೋಡಿದೆ. ದೂರದಿಂದ ಮಸಿ ಬಳಿದ ಹಾಗೆ ಕಾಣುವ ಮೈಯ ಮೇಲೆ ಬಿಸಿಲು ಬಿದ್ದಾಗ ನೇರಳೆಯೂ ಹಸಿರೂ ಒಂದರೊಳಗೊಂದು ಓಡಾಡಿದವು. ಕತ್ತು ಮಾತ್ರ ಹಿಂಜಿದ ಹತ್ತಿಯಂತೆ ಬೆಳ್ಳಗೆ, ನೆತ್ತಿಯ ಮೇಲೆ ಕರಿ ಟೋಪಿ, ಕೆಂಪು ಕಾಲು, ಕೆಂಪು ಕಣ್ಣು. ಒಂದು ಕಾಲನ್ನು ನೀರಿನಿಂದ ಎತ್ತುವಾಗ ಬೆರಳುಗಳನ್ನೆಲ್ಲ ಮುಷ್ಟಿ ಹಿಡಿದಂತೆ ಮಡಚಿಕೊಂಡು, ಮುಂದೆ ಇಡುವಾಗ ಮತ್ತೆ ಬಿಡಿಸಿ, ಕೆಸರು ಕದಡದಂತೆ ಇಳಿಸುತ್ತಿತ್ತು. ಹಾಗೆ ಹತ್ತು ಹೆಜ್ಜೆ ನಡೆದ ಮೇಲೆ ಕೊಕ್ಕು ಒಮ್ಮೆ ಕೆಳಗಿಳಿಯಿತು. ಮೇಲೆ ಬಂದಾಗ ಅದರಲ್ಲಿ ಒಂದು ಏಡಿಯಿತ್ತು. ಎಡಕ್ಕೂ ಬಲಕ್ಕೂ ಕೊಡವಿತು. ಒಂದು ಕೊಂಡಿ ಕಳಚಿ ನೀರಿಗೆ ಬಿತ್ತು. ಉಳಿದದ್ದನ್ನು ಮೇಲೆತ್ತಿ ನುಂಗಿತು. ಆ ಉಣ್ಣೆಯಂಥ ಬಿಳಿ ಕತ್ತಿನೊಳಗೆ ಏಡಿ ಇಳಿದುಹೋದದ್ದು ಉಬ್ಬಿನಿಂದಲೇ ತಿಳಿಯುತ್ತಿತ್ತು.

"ನೋಡು ಮಗಳೇ, ಕೊಕ್ಕರೆ ಇಳಿದಿದೆ. ಮಣ್ಣಿನಲ್ಲಿ ಇನ್ನೂ ಜೀವ ಇದೆ ಎಂದು ಅರ್ಥ" ಎಂದರು ಚಿಕ್ಕಪ್ಪ. ಅವರ ದನಿಯಲ್ಲಿ ಮನೆಗೆ ನೆಂಟರು ಬಂದ ಸಂತೋಷವಿತ್ತು.

ಅದೇ ಹೊತ್ತಿಗೆ ಗದ್ದೆಯ ಮೂಲೆಯ ಗೋಣಿ ಮರ ಅಲುಗಾಡಿತು. ಮಂಗಗಳು. ರಾತ್ರಿ ಅಲ್ಲೇ ತಂಗಿ, ಮಳೆ ನಿಂತದ್ದನ್ನು ಕಂಡು ಒಂದೊಂದಾಗಿ ಇಳಿದು ಬಾಳೆಯ ಕಡೆ ಹೊರಟಿದ್ದವು. ಚಿಕ್ಕಪ್ಪನ ಮುಖ ಬದಲಾಯಿತು. ಮನೆಯ ಕಡೆ ತಿರುಗಿ "ಪಟಾಕಿ ತನ್ನಿ" ಎಂದು ಕೂಗಿದರು. ಪಟಾಕಿಯ ಸದ್ದಿಗೆ ಮಂಗಗಳು ಮರಕ್ಕೆ ಮರಳಿದವು. ಕೊಕ್ಕರೆಯೂ ಎದ್ದು ಹೋಯಿತು, ಕತ್ತನ್ನು ಮುಂದಕ್ಕೆ ನೀಟಾಗಿ ಚಾಚಿಕೊಂಡು.

ನಾನು ಪ್ರೌಢಶಾಲೆಯಲ್ಲಿ ಜೀವವಿಜ್ಞಾನ ಕಲಿಸುವವಳು. ಆ ರಾತ್ರಿ ಊಟದ ಹೊತ್ತಿಗೆ ನನ್ನ ತಂಗಿಯ ಮಗಳು ಕೇಳಿದಳು: "ದೊಡ್ಡಮ್ಮ, ಕೊಕ್ಕರೆ, ಮಂಗ ಎರಡರಲ್ಲಿ ಯಾವುದು ಕಡಿಮೆಯಾಗುತ್ತಿದೆ?" ನಾನು ಬಾಯಿ ತೆರೆಯುವ ಮೊದಲೇ ಚಿಕ್ಕಪ್ಪ ಹೇಳಿದರು: "ಇದೂ ಒಂದು ಪ್ರಶ್ನೆಯೇ? ಕೊಕ್ಕರೆ." ನಾನು ಅಲ್ಲ, ಮಂಗ ಎಂದೆ. ಅವರು ತುತ್ತನ್ನು ಕೈಯಲ್ಲೇ ಹಿಡಿದು ನನ್ನನ್ನು ನೋಡಿದರು. ಅವರನ್ನು ಒಪ್ಪಿಸಲು ಅಂದು ನನ್ನಿಂದ ಆಗಲಿಲ್ಲ. ಅಂದು ಹೇಳಲು ಆಗದೆ ಉಳಿದದ್ದನ್ನು ಇಲ್ಲಿ ನಿಧಾನವಾಗಿ ಬರೆಯುತ್ತಿದ್ದೇನೆ.

ಜಗತ್ತಿನ ಜೀವಿಗಳ ಕ್ಷೇಮ ಸಮಾಚಾರ ಬರೆದಿಡುವ ಒಂದು ಪುಸ್ತಕವಿದೆ ಎಂದುಕೊಳ್ಳಿ. ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟದ ಕೆಂಪು ಪಟ್ಟಿ ಅದು. ಅದರಲ್ಲಿ ಏಣಿಯ ಮೆಟ್ಟಿಲುಗಳಂತೆ ದರ್ಜೆಗಳಿವೆ: ಸದ್ಯಕ್ಕೆ ಚಿಂತೆಯಿಲ್ಲ, ಅಪಾಯ ಹತ್ತಿರದಲ್ಲಿದೆ, ಅಪಾಯಕ್ಕೆ ಸಿಲುಕಿದೆ, ಅಳಿವಿನಂಚಿನಲ್ಲಿದೆ, ಹೀಗೆ. ಬಿಳಿ ಕತ್ತಿನ ಕೊಕ್ಕರೆಯನ್ನು 2014ರಲ್ಲಿ ಅಪಾಯಕ್ಕೆ ಸಿಲುಕಿದ ದರ್ಜೆಗೆ ಸೇರಿಸಿದ್ದರು. 2020ರಲ್ಲಿ ಅದನ್ನು ಒಂದು ಮೆಟ್ಟಿಲು ಹಿಂದಕ್ಕೆ, ಅಂದರೆ ಸ್ವಲ್ಪ ಸುರಕ್ಷಿತ ಜಾಗಕ್ಕೆ ತಂದರು. ನಮ್ಮ ತೋಟಕ್ಕೆ ಬರುವ ಮಂಗ, ತಲೆಯ ಮೇಲೆ ಕೂದಲಿನ ಟೋಪಿ ಇಟ್ಟುಕೊಂಡಂತೆ ಕಾಣುವ ಬಾನೆಟ್ ಮಕಾಕ್, 2008ರಲ್ಲಿ ಚಿಂತೆಯಿಲ್ಲದ ದರ್ಜೆಯಲ್ಲಿತ್ತು. ಅದನ್ನು ಅಪಾಯಕ್ಕೆ ಸಿಲುಕಿದ ದರ್ಜೆಗೆ ಇಳಿಸಿದ್ದೂ 2020ರಲ್ಲೇ. ಒಂದೇ ವರ್ಷ, ಒಂದೇ ಏಣಿ. ಹಕ್ಕಿ ಒಂದು ದಿಕ್ಕಿಗೆ, ಮಂಗ ಇನ್ನೊಂದು ದಿಕ್ಕಿಗೆ ನಡೆದು ನಡುವೆ ಒಂದನ್ನೊಂದು ದಾಟಿಹೋದವು. ಜಗಲಿಯಲ್ಲಿ ಕುಳಿತು ನೋಡುವವರಿಗೆ ಇದು ನಂಬುವ ಮಾತಲ್ಲ. ದಿನಾ ಕಣ್ಣಿಗೆ ಬೀಳುವುದು ಮಂಗ, ವರ್ಷಕ್ಕೆ ನಾಲ್ಕು ಸಲ ಕಾಣುವುದು ಕೊಕ್ಕರೆ.

ಕಾರಣಗಳಿಗೆ ಹೋಗುವ ಮೊದಲು ಹೆಸರಿನ ವಿಷಯ ಹೇಳಬೇಕು. ಈ ಎರಡು ಜೀವಿಗಳ ಕಥೆಯಲ್ಲಿ ಅರ್ಧ ಗೊಂದಲ ಹುಟ್ಟಿದ್ದೇ ಹೆಸರಿನಿಂದ.

ಕನ್ನಡದಲ್ಲಿ ನಾವು ಉದ್ದ ಕಾಲಿನ, ಉದ್ದ ಕೊಕ್ಕಿನ ಹಕ್ಕಿಗಳನ್ನೆಲ್ಲ ಕೊಕ್ಕರೆ ಎಂದು ಬಿಡುತ್ತೇವೆ. ಬಣ್ಣದ ಕೊಕ್ಕರೆಯೂ ಕೊಕ್ಕರೆ, ಬಕವೂ ಕೊಕ್ಕರೆ, ಕೆಂಬರಲೂ ಕೊಕ್ಕರೆ. ಹೀಗೆ ಮಾಡುವವರು ನಾವು ಮಾತ್ರ ಎಂದುಕೊಳ್ಳಬೇಕಿಲ್ಲ. ಸ್ವೀಡನ್ನಿನ ಕಾರ್ಲ್ ಲಿನೇಯಸ್ 1758ರಲ್ಲಿ ಪ್ರಾಣಿಗಳನ್ನೆಲ್ಲ ಗಣಗಳಾಗಿ ಹಂಚುವಾಗ ನೀರಲ್ಲಿ ನಡೆಯುವ ಹಕ್ಕಿಗಳಿಗೆಲ್ಲ ಸೇರಿ ಒಂದೇ ಗಣ ಮಾಡಿ 'ಗ್ರಾಲೆ' ಎಂದು ಹೆಸರಿಟ್ಟ. ಲ್ಯಾಟಿನ್ನಿನಲ್ಲಿ ಅದರ ಅರ್ಥ ಮರಗಾಲು. ಜಾತ್ರೆಯಲ್ಲಿ ಮರಗಾಲು ಕಟ್ಟಿಕೊಂಡು ಕುಣಿಯುವವರನ್ನು ನೋಡಿದವರಿಗೆ ಆ ಹೆಸರು ಎಷ್ಟು ಚೆನ್ನಾಗಿ ಒಪ್ಪುತ್ತದೆ ಎಂದು ಬೇರೆ ಹೇಳಬೇಕಾಗಿಲ್ಲ. ಬಕ, ಕೊಕ್ಕರೆ, ಕ್ರೌಂಚಗಳನ್ನೆಲ್ಲ ಅವನು 'ಆರ್ಡಿಯ' ಎಂಬ ಒಂದೇ ಕುಲದಲ್ಲಿ ಕೂಡಿಸಿದ. 1783ರಲ್ಲಿ ಡಚ್ ವಿದ್ವಾಂಸ ಬೋಡ್ಡೇರ್ಟ್ ನಮ್ಮ ಬಿಳಿ ಕತ್ತಿನ ಕೊಕ್ಕರೆಗೆ ಹೆಸರಿಡುವಾಗಲೂ ಅದು ಆರ್ಡಿಯವೇ ಆಗಿತ್ತು. ಕರಿ ನಿಲುವಂಗಿ, ಬಿಳಿ ಕತ್ತು ಕಂಡ ಯುರೋಪಿನ ಕಣ್ಣಿಗೆ ಅದು ಚರ್ಚಿನ ಬಿಷಪ್ಪನಂತೆ ಕಂಡಿತು. ಬಿಷಪ್ ಎಂಬ ಅರ್ಥದ 'ಎಪಿಸ್ಕೋಪಸ್' ಎಂಬ ಪದ ಇಂದಿಗೂ ಅದಕ್ಕೆ ಅಂಟಿಕೊಂಡಿದೆ.

ಅದೇ 1758ರಲ್ಲಿ ಲಿನೇಯಸ್ ಇನ್ನೊಂದು ಗಣವನ್ನೂ ಮಾಡಿದ: 'ಪ್ರೈಮೇಟ್ಸ್', ಎಂದರೆ ಮೊದಲ ಸ್ಥಾನದವರು. ಅದರಲ್ಲಿ ಮನುಷ್ಯನನ್ನು ಇಟ್ಟ, ಮಂಗಗಳನ್ನು ಇಟ್ಟ, ಬಾವಲಿಗಳನ್ನೂ ಇಟ್ಟ. ಬಾವಲಿಗಳು ಆಮೇಲೆ ಹೊರಗೆ ಹೋದವು. ಉಳಿದವರು ಇವತ್ತಿಗೂ ಅಲ್ಲೇ ಇದ್ದೇವೆ. ಮರಗಾಲಿನವರ ಗಣ ಮಾತ್ರ ಚೆಲ್ಲಾಪಿಲ್ಲಿಯಾಯಿತು.

ಇದು ಏಕೆ ಹೀಗಾಯಿತು ಎಂದು ಮಕ್ಕಳಿಗೆ ಹೇಳುವಾಗ ನಾನು ಕೊಡಗಿನದೇ ಉದಾಹರಣೆ ಕೊಡುತ್ತೇನೆ. ನಮ್ಮ ಸುಗ್ಗಿ ಹಬ್ಬ ಹುತ್ತರಿಯ ದಿನ ಊರ ಬಯಲಾದ ಮಂದ್‌ನಲ್ಲಿ ಕುಪ್ಯ ಎಂಬ ನಿಲುವಂಗಿ ತೊಟ್ಟವರೆಲ್ಲ ಸಾಲಾಗಿ ನಿಂತಿರುತ್ತಾರೆ. ಕುಪ್ಯ ಒಂದೇ ಬಗೆಯದು, ಸೊಂಟದ ಚೇಲೆ ಒಂದೇ ಬಗೆಯದು. ಹಾಗೆಂದು ಎಲ್ಲರೂ ಒಂದೇ ಒಕ್ಕದವರೇ, ಅಂದರೆ ಒಂದೇ ಮನೆತನದವರೇ? ಒಕ್ಕ ತಿಳಿಯಬೇಕಾದರೆ ಬಟ್ಟೆ ನೋಡಿದರೆ ಸಾಲದು, ಒಕ್ಕದ ಮೂಲಮನೆಯಾದ ಯಾವ ಐನ್‌ಮನೆಯಿಂದ ಹೊರಟವರು ಎಂದು ಕೇಳಬೇಕು. ಉದ್ದ ಕಾಲು ಹಕ್ಕಿಗಳ ಕುಪ್ಯ. ಕೆಸರಲ್ಲಿ ನಡೆದು ಹೊಟ್ಟೆ ಹೊರೆಯಬೇಕಾದ ಯಾವ ಹಕ್ಕಿಗೂ ಅದು ಬೇಕು, ಹಾಗಾಗಿ ಬೇರೆ ಬೇರೆ ಮನೆತನದವು ಬೇರೆ ಬೇರೆ ಕಾಲದಲ್ಲಿ ಅದನ್ನೇ ತೊಟ್ಟುಕೊಂಡವು.

ಐನ್‌ಮನೆಯ ಗುರುತು ಸಿಕ್ಕಿದ್ದು ಡಿಎನ್‌ಎ ಓದಲು ಕಲಿತ ಮೇಲೆ. ಆ ದಾರಿಯೂ ನೇರವಾಗಿರಲಿಲ್ಲ. 1990ರ ಸುಮಾರಿಗೆ ಸಿಬ್ಲಿ ಮತ್ತು ಆಲ್‌ಕ್ವಿಸ್ಟ್ ಎಂಬ ಇಬ್ಬರು ಆಗಿನ ವಿಧಾನದಿಂದ ಹೋಲಿಸಿ ನೋಡಿ ಕೊಕ್ಕರೆಯ ಗಣವನ್ನು ಎಷ್ಟು ಹಿಗ್ಗಿಸಿದರೆಂದರೆ ಅದರಲ್ಲಿ ಹದ್ದುಗಳೂ ಪೆಂಗ್ವಿನ್‌ಗಳೂ ಬಂದು ಕುಳಿತವು. 2008ರ ಹೊತ್ತಿಗೆ ಹೆಚ್ಚು ಜೀನ್‌ಗಳನ್ನು ಓದಿದಾಗ ಚಿತ್ರ ತಿಳಿಯಾಯಿತು. ಬಕ, ಬೆಳ್ಳಕ್ಕಿ, ಕೆಂಬರಲು, ಚಮಚ ಕೊಕ್ಕಿನ ಹಕ್ಕಿ ಇವೆಲ್ಲ ಕೊಕ್ಕರೆಗಿಂತ ಹೆಜ್ಜಾರ್ಲೆಗೆ ಹತ್ತಿರದ ನೆಂಟರು. ಕೊಕ್ಕರೆಗಳ ಗಣದಲ್ಲಿ ಈಗ ಉಳಿದಿರುವುದು ಕೊಕ್ಕರೆಗಳು ಮಾತ್ರ, ಇಡೀ ಜಗತ್ತಿಗೆ ಇಪ್ಪತ್ತರ ಆಸುಪಾಸಿನಷ್ಟು ಪ್ರಭೇದಗಳು. ಅಂದರೆ ಅಂದು ಚಿಕ್ಕಪ್ಪನ ಗದ್ದೆಯಲ್ಲಿ ಟಿಲ್ಲರ್ ಹಿಂದೆ ಓಡುತ್ತಿದ್ದ ಬೆಳ್ಳಕ್ಕಿಗೂ ಮೂರು ಮಡಿ ಆಚೆ ನಿಂತಿದ್ದ ಕೊಕ್ಕರೆಗೂ ನಾವು ಅಂದುಕೊಂಡಷ್ಟು ನಂಟಿಲ್ಲ. ಹಾರುವಾಗ ನೋಡಿದರೆ ನಿಮಗೇ ಗೊತ್ತಾಗುತ್ತದೆ: ಬಕ, ಬೆಳ್ಳಕ್ಕಿಗಳು ಕತ್ತನ್ನು ಮಡಚಿ ಹೆಗಲೊಳಗೆ ಎಳೆದುಕೊಂಡು ಹಾರುತ್ತವೆ. ಬಿಳಿ ಕತ್ತಿನ ಕೊಕ್ಕರೆ ಕತ್ತನ್ನು ಮುಂದಕ್ಕೆ ಚಾಚಿ, ಕಾಲನ್ನು ಹಿಂದಕ್ಕೆ ಚಾಚಿ, ನೇಗಿಲಿನ ಈಸಿನಂತೆ ನೇರವಾಗಿ ಹೋಗುತ್ತದೆ. ಬಕ ಗೊರ್ರೆಂದು ಕೂಗುತ್ತದೆ. ಕೊಕ್ಕರೆ ಹೆಚ್ಚು ಕಡಿಮೆ ಮೂಕ, ಮಾತನಾಡಬೇಕೆನಿಸಿದರೆ ಕೊಕ್ಕಿನ ಎರಡು ಹೋಳುಗಳನ್ನು ಪಟಪಟನೆ ಬಡಿಯುತ್ತದೆ.

ಇನ್ನು ಮಂಗ. ಈ ಪದವೂ ಒಂದು ಕುಪ್ಯವೇ. ಅಮೆರಿಕ ಖಂಡದ ಮಂಗಗಳನ್ನೂ ನಮ್ಮ ಮಂಗಗಳನ್ನೂ ಒಂದೇ ಹೆಸರಿನಿಂದ ಕರೆಯುತ್ತೇವೆ, ಆದರೆ ನಮ್ಮ ಮಂಗಗಳು ಆ ಮಂಗಗಳಿಗಿಂತ ನಮಗೇ ಹತ್ತಿರ. ಕೊಡಗಿನೊಳಗೇ ನೋಡಿದರೂ ಮಂಗ ಒಂದಲ್ಲ. ತೋಟಕ್ಕೆ ಬರುವ ಟೋಪಿ ಮಂಗ. ಬೂದು ಮೈ, ಕರಿ ಮುಖದ ಮುಸುವ. ದಕ್ಷಿಣದ ಮಳೆಕಾಡಿನಲ್ಲಿ ಮಿರಿಮಿರಿ ಕಪ್ಪು ಮೈಯ, ಕಂದು ನೆತ್ತಿಯ ನೀಲಗಿರಿ ಲಂಗೂರ್. ಬ್ರಹ್ಮಗಿರಿ, ಮಾಕುಟ್ಟದ ದಟ್ಟ ಕಾಡಿನಲ್ಲಿ ಮುಖದ ಸುತ್ತ ಬೆಳ್ಳಿಯ ಕೇಸರವಿರುವ ಸಿಂಗಳೀಕ.

ಕೊನೆಯ ಎರಡೂ ಕಪ್ಪು. ಕಾಡಂಚಿನ ಜನ ಎರಡನ್ನೂ ಒಂದೇ ಹೆಸರಿನಿಂದ ಕರೆಯುವುದನ್ನು ನಾನು ಎಷ್ಟೋ ಸಲ ಕೇಳಿದ್ದೇನೆ. 'ಸಿಂಗಳೀಕ ನೋಡಿದೆ' ಎಂದವರನ್ನು ಬೆಳ್ಳಿಯ ಗಡ್ಡ ಇತ್ತೇ, ಬಾಲದ ತುದಿಯಲ್ಲಿ ಕುಚ್ಚು ಇತ್ತೇ ಎಂದು ವಿಚಾರಿಸಿದರೆ ಮಾತ್ರ ಯಾವುದನ್ನು ನೋಡಿದರು ಎಂದು ತಿಳಿಯುತ್ತದೆ. ಆದರೆ ಒಳಗಿನ ಮನೆತನ ಬೇರೆಯೇ. ಸಿಂಗಳೀಕವೂ ಟೋಪಿ ಮಂಗವೂ ಮಕಾಕ್ ಕುಲದ ದಾಯಾದಿಗಳು, ಎರಡಕ್ಕೂ ಕೆನ್ನೆಯಲ್ಲಿ ಚೀಲವಿದೆ. ಮುಸುವ, ನೀಲಗಿರಿ ಲಂಗೂರ್‌ಗಳು ಎಲೆ ತಿನ್ನುವವು. ಅವಕ್ಕೆ ಕೆನ್ನೆಚೀಲವಿಲ್ಲ, ಬದಲಿಗೆ ಎಲೆಯನ್ನು ಕೊಳೆಸಿ ಅರಗಿಸುವ, ಹಲವು ಕೋಣೆಗಳ ಹೊಟ್ಟೆಯಿದೆ.

ಕೆನ್ನೆಚೀಲವನ್ನು ನಾನು ಹತ್ತಿರದಿಂದ ನೋಡಿದ್ದು ಒಂದು ಡಿಸೆಂಬರ್‌ನಲ್ಲಿ. ಕಾಫಿ ಹಣ್ಣು ಕೆಂಪಾಗಿತ್ತು. ತೋಟದ ಕಲ್ಲುಕಟ್ಟೆಯ ಮೇಲೆ ಒಂದು ಹೆಣ್ಣು ಮಂಗ, ಹೊಟ್ಟೆಗೆ ಅಪ್ಪಿಕೊಂಡ ಮರಿ. ಎರಡೂ ಕೈಯಿಂದ ಹಣ್ಣು ಕಿತ್ತು ಬಾಯಿಗೆ ತುರುಕುತ್ತಿತ್ತು, ಕೆನ್ನೆಗಳು ಗಂಟು ಕಟ್ಟಿದಂತೆ ಊದಿದ್ದವು. ನಾಯಿ ಬೊಗಳಿದ ಕೂಡಲೇ ಹಾರಿ ಮರವೇರಿತು. ಅಲ್ಲಿ ಆರಾಮವಾಗಿ ಕುಳಿತು, ಕೈಯ ಹಿಂಭಾಗದಿಂದ ಕೆನ್ನೆಯನ್ನು ಹೊರಗಿನಿಂದ ಒತ್ತಿ ಒಂದೊಂದೇ ಹಣ್ಣನ್ನು ಬಾಯಿಗೆ ತಂದುಕೊಂಡು, ಸಿಪ್ಪೆಯ ಸಿಹಿ ಚೀಪಿ ಬೀಜವನ್ನು ಉಗುಳಿತು. ಸಂಜೆ ಮರದಡಿ ಹೋಗಿ ನೋಡಿದರೆ ಉಗುಳಿದ ಬೀಜಗಳು ಒದ್ದೆ ಎಲೆಗಳ ಮೇಲೆ ಹರಡಿದ್ದವು, ಕೆಲವದರ ಮೇಲೆ ಹಲ್ಲಿನ ಗುರುತು. ಚಿಕ್ಕಪ್ಪ ಒಂದು ಹಿಡಿ ಆರಿಸಿ ಅಂಗೈಯಲ್ಲಿ ಇಟ್ಟುಕೊಂಡು ಬಹಳ ಹೊತ್ತು ನೋಡಿದರು. ಅವರ ನಷ್ಟ ನಿಜವಾದ ನಷ್ಟ. ಬಾಳೆ, ಏಲಕ್ಕಿ, ಕಿತ್ತಳೆ, ಕಾಫಿ ಯಾವುದೂ ಅವುಗಳ ಕೈಯಿಂದ ಉಳಿಯುವುದಿಲ್ಲ. ಮೂರು ಎಕರೆಯವನ ಮನೆಯಲ್ಲಿ ನಾಲ್ಕು ಬಾಳೆಗೊನೆ ಹೋದರೆ ಅದು ಆ ತಿಂಗಳ ಲೆಕ್ಕವನ್ನೇ ಕೆಡಿಸುತ್ತದೆ. ಮಂಗವನ್ನು ಉಳಿಸಿ ಎಂದು ಹೇಳುವವರು ಈ ಮಾತನ್ನು ಮೊದಲು ಒಪ್ಪಿಕೊಳ್ಳಬೇಕು ಎಂದು ನಾನು ಗಟ್ಟಿಯಾಗಿ ನಂಬುತ್ತೇನೆ.

ನೀಲಗಿರಿ ಲಂಗೂರ್ ಬಗ್ಗೆ ಒಂದು ಮಾತು ಹೇಳದೆ ಮುಂದೆ ಹೋಗಲಾರೆ, ಏಕೆಂದರೆ ಅದು ನಮ್ಮೂರಿನ ಮಾತು. ಆ ಪ್ರಾಣಿಯ ನೆಲೆ ಪಶ್ಚಿಮ ಘಟ್ಟದ ದಕ್ಷಿಣ ತುದಿಯಿಂದ ಶುರುವಾಗಿ ಉತ್ತರಕ್ಕೆ ಬರುತ್ತಾ ಬರುತ್ತಾ ಕೊಡಗಿನ ಶ್ರೀಮಂಗಲದ ಬಳಿ ಮುಗಿಯುತ್ತದೆ ಎಂದು ವಿಜ್ಞಾನದ ಬರಹಗಳಲ್ಲಿ ದಾಖಲಾಗಿದೆ. ನಮ್ಮ ಊರಿನ ಹೆಸರು ಒಂದು ಜೀವಿಯ ಮೇರೆಗಲ್ಲಿನಂತೆ ಅಲ್ಲಿ ನಿಂತಿದೆ. ಮೊದಲ ಸಲ ಅದನ್ನು ಓದಿದ ದಿನ ನನಗೆ ಎಷ್ಟು ಹೆಮ್ಮೆಯಾಯಿತೋ ಅಷ್ಟೇ ಭಯವೂ ಆಯಿತು. ಮೇರೆಗಲ್ಲು ದಕ್ಷಿಣಕ್ಕೆ ಸರಿದರೆ ಅದು ನಮ್ಮ ಕಣ್ಣೆದುರೇ ಸರಿದಂತೆ. ಅದರ ಮಾಂಸದಲ್ಲಿ ಔಷಧವಿದೆ ಎಂಬ ಹಳೆಯ ನಂಬಿಕೆಯಿಂದ ಎಷ್ಟೋ ಲಂಗೂರ್‌ಗಳು ಕೋವಿಗೆ ಬಲಿಯಾಗಿವೆ. ವರ್ಗೀಕರಣದಲ್ಲೂ ಅದಕ್ಕೆ ನೆಮ್ಮದಿ ಇರಲಿಲ್ಲ. ಪ್ರೆಸ್ಬೈಟಿಸ್ ಎಂದರು, ಆಮೇಲೆ ಟ್ರ್ಯಾಕಿಪಿಥೆಕಸ್ ಎಂದು ಆಗ್ನೇಯ ಏಷ್ಯಾದ ಎಲೆಮಂಗಗಳ ಜೊತೆ ಕೂಡಿಸಿದರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರವೀಣ್ ಕಾರಂತ್ ಮತ್ತು ಜೊತೆಗಾರರು ಡಿಎನ್‌ಎ ನೋಡಿ, ಇದು ನಮ್ಮ ಬೂದು ಮುಸುವದ ಮನೆಯದೇ ಎಂದು ತೋರಿಸಿದ ಮೇಲೆ ಸೆಮ್ನೋಪಿಥೆಕಸ್ ಎಂಬ ಕುಲದಲ್ಲಿ ನೆಲೆ ನಿಂತಿದೆ.

ಇದೆಲ್ಲ ಹೆಸರು ಬದಲಿಸುವ ವಿದ್ವಾಂಸರ ಕೆಲಸ, ನಮಗೇನು ಎಂದು ಕೇಳುವವರಿದ್ದಾರೆ. ಹೆಸರು ಬದಲಾದರೆ ಲೆಕ್ಕ ಬದಲಾಗುತ್ತದೆ. ಬಿಳಿ ಕತ್ತಿನ ಕೊಕ್ಕರೆ ಆಫ್ರಿಕಾದಲ್ಲೂ ಏಷ್ಯಾದಲ್ಲೂ ಇದೆ ಎಂದು ಒಂದೇ ಪ್ರಭೇದವಾಗಿ ಎಣಿಸುತ್ತಿದ್ದಾಗ ಅದರ ಬಗ್ಗೆ ಯಾರಿಗೂ ಆತಂಕವಿರಲಿಲ್ಲ. 2014ರಲ್ಲಿ ಆಫ್ರಿಕಾದ್ದು ಬೇರೆ, ಏಷ್ಯಾದ್ದು ಬೇರೆ ಎಂದು ವಿಭಾಗವಾದಾಗಲೇ ಏಷ್ಯಾದ ಪಾಲು ಎಷ್ಟು ಎಂಬ ಪ್ರಶ್ನೆ ಎದ್ದದ್ದು, ಅದು ಅಪಾಯದ ದರ್ಜೆಗೆ ಬಂದದ್ದು. ಆಸ್ತಿ ಪಾಲಾಗುವ ಮುಂಚೆ ಒಟ್ಟು ಕುಟುಂಬ ದೊಡ್ಡದಾಗಿ ಕಾಣುತ್ತದೆ. ಪಾಲಾದ ಮೇಲೆ ಯಾರ ಕೈಯಲ್ಲಿ ಎಷ್ಟಿದೆ ಎಂದು ಗೊತ್ತಾಗುತ್ತದೆ. ಇಡೀ ಭಾರತದ ಮುಸುವವೆಲ್ಲ ಒಂದೇ ಎಂದು ಎಣಿಸುತ್ತಿದ್ದುದೂ ಹೀಗೆಯೇ ಹಲವು ಪ್ರಭೇದಗಳಾಗಿ ಒಡೆದಿದೆ.

ಪಾಲಾದ ಮೇಲೆ ಕೊಕ್ಕರೆಯ ಲೆಕ್ಕ ಸುಧಾರಿಸಿದ್ದು ಹೇಗೆ? ಎಣಿಸುವವರು ಎಲ್ಲಿ ನೋಡಬೇಕೋ ಅಲ್ಲಿ ನೋಡಿದರು. ಅಲ್ಲಿಯವರೆಗೆ ಇದು ಕಾಡಿನ ಕೆರೆ, ಜೌಗುಗಳ ಹಕ್ಕಿ ಎಂಬ ಭಾವನೆ ಬಲವಾಗಿತ್ತು. ಪಕ್ಷಿ ವಿಜ್ಞಾನಿ ಗೋಪಿ ಸುಂದರ್ ಮತ್ತು ಅವರ ಜೊತೆಗಾರರು ಭಾರತ, ನೇಪಾಳಗಳ ಬಯಲಿನ ಹೊಲಗದ್ದೆಗಳಲ್ಲಿ ಹುಡುಕಿದರು. ಕೊಕ್ಕರೆಗಳು ಅಲ್ಲಿದ್ದವು, ಎಣಿಸಿದವರು ನಿರೀಕ್ಷಿಸಿದ್ದಕ್ಕಿಂತ ಹೆಚ್ಚಾಗಿಯೇ ಇದ್ದವು. ಹರಿಯಾಣದಲ್ಲಿ ಕಾಲುವೆಗಳ ದಂಡೆಯ ಮರಗಳಲ್ಲಿ, ರೈತರು ಹೊಲದ ನಡುವೆ ಉಳಿಸಿಕೊಂಡ ದೊಡ್ಡ ಮರಗಳಲ್ಲಿ ಗೂಡು ಕಟ್ಟಿ ಮರಿ ಮಾಡುತ್ತಿದ್ದವು. ಗದ್ದೆ, ಕಾಲುವೆ, ಒಂದು ದೊಡ್ಡ ಮರ, ಕಲ್ಲು ಹೊಡೆಯದ ಜನ: ಅದಕ್ಕೆ ಬೇಕಾದದ್ದು ಇಷ್ಟು.

ಮಂಗಕ್ಕೂ ಬೇಕಾದದ್ದು ಹೆಚ್ಚು ಕಡಿಮೆ ಅದೇ ಎಂಬುದು ನನ್ನನ್ನು ಎಲ್ಲಕ್ಕಿಂತ ಹೆಚ್ಚು ತಟ್ಟಿದ ಸಂಗತಿ. ಟೋಪಿ ಮಂಗ ದಕ್ಷಿಣ ಭಾರತ ಬಿಟ್ಟರೆ ಜಗತ್ತಿನಲ್ಲಿ ಇನ್ನೆಲ್ಲೂ ಇಲ್ಲ. ಅದು ದಟ್ಟ ಕಾಡಿನದಲ್ಲ. ಹಿಂದಿನಿಂದಲೂ ದಾರಿಬದಿಯ ಆಲ, ಅತ್ತಿ, ಬಸರಿ, ಗೋಣಿ ಮರಗಳ ಮೇಲೆ ಬದುಕಿದ ಪ್ರಾಣಿ. ಮೈಸೂರು ವಿಶ್ವವಿದ್ಯಾನಿಲಯದ ಮೇವಾ ಸಿಂಗ್ ಮತ್ತು ಅವರ ಶಿಷ್ಯರು ಮೈಸೂರು ಸುತ್ತಿನ ರಸ್ತೆಗಳಲ್ಲಿ ವರ್ಷಗಟ್ಟಲೆ ಈ ಮಂಗಗಳನ್ನು ಎಣಿಸಿದ್ದಾರೆ. ಕಾಲು ಶತಮಾನದಲ್ಲಿ ಅರ್ಧಕ್ಕಿಂತ ಹೆಚ್ಚು ಮಾಯವಾಗಿದ್ದವು. ರಸ್ತೆ ಅಗಲವಾಯಿತು, ಸಾಲುಮರಗಳು ಉರುಳಿದವು, ಹಣ್ಣೂ ಹೋಯಿತು, ರಾತ್ರಿ ಮಲಗುವ ಕೊಂಬೆಯೂ ಹೋಯಿತು. ಊರಿಗೆ ನುಗ್ಗಿದವನ್ನು ಹಿಡಿದು ಲಾರಿಯಲ್ಲಿ ತುಂಬಿ ದೂರದ ಕಾಡಂಚಿನಲ್ಲಿ ಬಿಟ್ಟರು. ಬಡಾವಣೆಯವರಿಗೆ ಸಮಸ್ಯೆ ಬಗೆಹರಿಯಿತು. ಬಿಟ್ಟ ಕಡೆಯ ರೈತನಿಗೆ ಮರುದಿನ ಬೆಳಿಗ್ಗೆಯೇ ಸಮಸ್ಯೆ ಶುರುವಾಯಿತು, ಆ ಕಾಡಿನ ಪರಿಚಯವೇ ಇಲ್ಲದ ಮಂಗಗಳಲ್ಲಿ ಎಷ್ಟು ಬದುಕಿದವೋ. ಉತ್ತರದಲ್ಲಿ ಇನ್ನೊಂದು ಒತ್ತಡ: ಉತ್ತರ ಭಾರತದ ರೀಸಸ್ ಮಂಗ ದಕ್ಷಿಣಕ್ಕೆ ಇಳಿಯುತ್ತಾ ಟೋಪಿ ಮಂಗದ ಜಾಗವನ್ನು ಹಿಡಿಯುತ್ತಿದೆ.

ಹಾಗಾದರೆ ನಮಗೆ ಮಂಗ ಜಾಸ್ತಿಯಾದಂತೆ ಕಾಣುವುದೇಕೆ? ಮರ ಕಳೆದುಕೊಂಡವು ಮನೆಯ ಹತ್ತಿರ ಬಂದಿವೆ. ಇರ್ಪು ಜಲಪಾತಕ್ಕೆ ರಜೆಯ ದಿನ ಹೋಗಿ ನೋಡಿ. ಪ್ರವಾಸಿಗರು ಕೊಡುವ ಚಿಪ್ಸ್, ಬಿಸ್ಕತ್ತಿಗೆ ಒಂದು ಹಿಂಡು ದಾರಿಯಲ್ಲೇ ಕುಳಿತಿರುತ್ತದೆ. ಅದನ್ನು ಕಂಡವರು ಮಂಗಗಳ ಕಾಟ ಎನ್ನುತ್ತಾರೆ. ಅಲ್ಲಿಂದ ಹತ್ತು ಕಿಲೋಮೀಟರ್ ದೂರದ ರಸ್ತೆಯಲ್ಲಿ ಮೊದಲಿದ್ದ ಹಿಂಡು ಈಗ ಇಲ್ಲ ಎಂಬುದನ್ನು ಯಾರೂ ಗಮನಿಸುವುದಿಲ್ಲ. ಇಲ್ಲದಿರುವುದು ಕಣ್ಣಿಗೆ ಬೀಳುವುದಿಲ್ಲವಲ್ಲ.

ಅಪವಾದ ಹೊರುವುದರಲ್ಲೂ ಮಂಗವೇ ಮುಂದು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದವು, ಹಿಂದೆಯೇ ಜನರೂ ಜ್ವರ ಬಂದು ಸತ್ತರು. ಸೋಂಕು ದಾಟಿಸುವುದು ಉಣುಗು. ಅದರಿಂದ ಮೊದಲು ಸಾಯುವುದು ಮಂಗ, ಒಂದರ್ಥದಲ್ಲಿ ನಮಗೆ ಮುನ್ಸೂಚನೆ ಕೊಟ್ಟು ಸಾಯುತ್ತದೆ. ಆದರೆ ನಾವಿಟ್ಟ ಹೆಸರು ಮಂಗನ ಕಾಯಿಲೆ.

ಇದೇ ನಾಡಿನಲ್ಲಿ ಹಕ್ಕಿಗಳಿಗೆ ಸಿಕ್ಕ ಭಾಗ್ಯ ನೋಡಿ. ನಮ್ಮ ಕಾವೇರಿ ಕೆಳಗಿಳಿದು ಶ್ರೀರಂಗಪಟ್ಟಣದ ಬಳಿ ಮಾಡಿದ ನಡುಗಡ್ಡೆಗಳು 1940ರಲ್ಲೇ, ಪಕ್ಷಿ ವಿಜ್ಞಾನಿ ಸಲೀಂ ಅಲಿಯವರ ಒತ್ತಾಯದಿಂದ, ರಂಗನತಿಟ್ಟು ಪಕ್ಷಿಧಾಮವಾದವು. ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನ ಜನ ಬಣ್ಣದ ಕೊಕ್ಕರೆ, ಹೆಜ್ಜಾರ್ಲೆಗಳನ್ನು ತವರಿಗೆ ಬಂದ ಹೆಣ್ಣುಮಕ್ಕಳಂತೆ ನೋಡಿಕೊಂಡರು. ಮನೆಯ ಮುಂದಿನ ಹುಣಸೆ ಮರದಲ್ಲಿ ಗೂಡಿದ್ದರೆ ಹುಣಸೆ ಹಣ್ಣಿನ ಆಸೆ ಬಿಟ್ಟರು, ಹಿಕ್ಕೆಯನ್ನು ಗೊಬ್ಬರ ಮಾಡಿಕೊಂಡರು. 2007ರಲ್ಲಿ ಅದು ಸಮುದಾಯ ಮೀಸಲು ಪ್ರದೇಶವಾಯಿತು. ಮಂಗಗಳ ಪೈಕಿ ಇಂಥ ಗೌರವ ಸಿಕ್ಕಿದ್ದು ಸಿಂಗಳೀಕಕ್ಕೆ. ಕೇರಳದ ಸೈಲೆಂಟ್ ವ್ಯಾಲಿಯಲ್ಲಿ ಅಣೆಕಟ್ಟಿನ ಯೋಜನೆ ನಿಂತು 1984ರಲ್ಲಿ ಅದು ರಾಷ್ಟ್ರೀಯ ಉದ್ಯಾನವಾದದ್ದರಲ್ಲಿ ಸಿಂಗಳೀಕದ ಹೆಸರು ದೊಡ್ಡದು. ಉತ್ತರ ಕನ್ನಡದಲ್ಲಿ 2011ರಲ್ಲಿ ಅಘನಾಶಿನಿ ಕಣಿವೆಯನ್ನು ಅದರ ಹೆಸರಿನಲ್ಲೇ ಕಾಯ್ದಿಟ್ಟರು. ಅಳಿವಿನಂಚಿನ ಸಿಂಗಳೀಕಕ್ಕೆ ಅದು ಸಿಗಲೇಬೇಕಿತ್ತು. ಆದರೆ ಅದರ ದಾಯಾದಿಯಾದ ಟೋಪಿ ಮಂಗಕ್ಕೆ ಯಾವ ಕಾಡನ್ನು ಮೀಸಲಿಡುವುದು? ಅದು ಇರುವುದು ನಮ್ಮ ನಡುವೆ. ಅದನ್ನು ಕಾಯುವುದಾದರೆ ರಸ್ತೆಬದಿಯ ಮರವನ್ನು ಕಾಯಬೇಕು, ಬಾಣೆಯ, ಅಂದರೆ ಗದ್ದೆಗೆ ಸೇರಿದ ಮರಗಳ ಜಮೀನಿನ, ಅತ್ತಿಯನ್ನು ಕಾಯಬೇಕು.

ಅಲ್ಲಿಗೆ ನಾನು ಕೊಡಗಿಗೇ ಮರಳುತ್ತೇನೆ. ಕೊಕ್ಕರೆಯ ಬಗ್ಗೆ ಲೋಕದ ಲೆಕ್ಕ ಸುಧಾರಿಸಿದ್ದರೂ ನಮ್ಮ ಬಯಲುಗಳನ್ನು ನೋಡಿದರೆ ನನಗೆ ನೆಮ್ಮದಿಯಿಲ್ಲ. ಕೂಲಿಗೆ ಜನವಿಲ್ಲ, ಭತ್ತಕ್ಕೆ ಬೆಲೆಯಿಲ್ಲ, ಕಾಡಾನೆ ಒಂದೇ ರಾತ್ರಿಯಲ್ಲಿ ಬೆಳೆ ಮಲಗಿಸುತ್ತದೆ. ಚಿಕ್ಕಪ್ಪನ ಗದ್ದೆಯ ಮೇಲಿನ ನಾಲ್ಕು ಮಡಿಗಳು ಬೀಳು ಬಿದ್ದಿವೆ, ಕೆಳಗಿನವರದು ಶುಂಠಿಗೆ ಹೋಗಿದೆ. ಶುಂಠಿಯ ಏರಿಯಲ್ಲಿ ನೀರು ನಿಲ್ಲುವುದಿಲ್ಲ, ಸಿಂಪಡಿಸಿದ ಮದ್ದಿಗೆ ಏಡಿ ಉಳಿಯುವುದಿಲ್ಲ, ಕೊಕ್ಕರೆ ಇಳಿಯುವುದಿಲ್ಲ. ತೋಟದಲ್ಲಿ ಹಳೆಯ ನೆರಳುಮರಗಳ ಜಾಗಕ್ಕೆ ಸಿಲ್ವರ್ ಓಕ್ ಬಂದಿದೆ. ನೆಟ್ಟಗೆ ಬೆಳೆಯುತ್ತದೆ, ಕಾಳುಮೆಣಸಿನ ಬಳ್ಳಿಗೆ ಒಳ್ಳೆಯದು, ಮಾರಿದರೆ ದುಡ್ಡು. ಆದರೆ ಅದರಲ್ಲಿ ಮಂಗ ತಿನ್ನುವ ಹಣ್ಣಿಲ್ಲ. ಗೋಣಿ ಮರ ಹಣ್ಣು ಬಿಟ್ಟ ದಿನಗಳಲ್ಲಿ ನಮ್ಮ ಬಾಳೆ ತುಸು ಕಡಿಮೆ ಹೋಗುತ್ತದೆ ಎಂಬುದನ್ನು ನಾನು ಕಂಡಿದ್ದೇನೆ. 1,200ಕ್ಕೂ ಹೆಚ್ಚು ದೇವರಕಾಡುಗಳಿರುವ ಜಿಲ್ಲೆ ನಮ್ಮದು. ಮರವೊಂದನ್ನು ಮುಟ್ಟದೆ ಬಿಡುವುದು ಹೇಗೆ ಎಂದು ನಮಗೆ ಹೊರಗಿನವರು ಬಂದು ಕಲಿಸಬೇಕಾಗಿಲ್ಲ.

ಜೀವವಿಕಾಸದ ಲೆಕ್ಕದಲ್ಲಿ ಕೊಕ್ಕರೆಗೂ ಮಂಗಕ್ಕೂ 30 ಕೋಟಿ ವರ್ಷಗಳಿಗೂ ಹಿಂದೆ ಬದುಕಿದ್ದ ಯಾವುದೋ ಪ್ರಾಣಿ ಸಮಾನ ಹಿರಿಯ. ಅಷ್ಟು ದೂರದ ಎರಡು ಜೀವಿಗಳು ನಮ್ಮ ಗದ್ದೆಯ ಮೂಲೆಯ ಒಂದೇ ಮರಕ್ಕೆ ಬಂದು ಸೇರಿವೆ. ಮಂಗ ಅದರ ನಡುಗೊಂಬೆಗಳಲ್ಲಿ ಮಲಗುತ್ತದೆ. ಕೊಕ್ಕರೆ ಸಂಜೆ ತುದಿಯ ಒಣಗಿದ ಕೊಂಬೆಯ ಮೇಲೆ ನಿಲ್ಲುತ್ತದೆ.

ಆ ಮರವನ್ನು ಕಡಿಯಿರಿ, ಮಂಗ ತಾನಾಗಿಯೇ ತೊಲಗುತ್ತದೆ ಎಂದು ಪಕ್ಕದ ತೋಟದವರು ಆಗಸ್ಟ್‌ನಿಂದ ಹೇಳುತ್ತಿದ್ದಾರೆ. ಅಕ್ಟೋಬರ್‌ನಲ್ಲಿ ಗರಗಸದವನು ಬಂದು ಸುತ್ತಳತೆ ನೋಡಿದ. ನಾನು ಚಿಕ್ಕಪ್ಪನೊಡನೆ ವಾದ ಮಾಡಲಿಲ್ಲ. ಮರದ ತುದಿಯಲ್ಲಿ ನಿಂತ ಕೊಕ್ಕರೆಯನ್ನು ಮಾತ್ರ ತೋರಿಸಿದೆ. "ಹುತ್ತರಿ ಕಳೆಯಲಿ, ನೋಡೋಣ" ಎಂದು ಅವನನ್ನು ಕಳುಹಿಸಿದರು.

ಹುತ್ತರಿ ಕಳೆದು ಎರಡು ವಾರವಾಗಿದೆ. ನನ್ನ ತಂಗಿಯ ಮಗಳು ಜುಲೈಯಿಂದ ಒಂದು ನೋಟ್‌ಬುಕ್ ಇಟ್ಟಿದ್ದಾಳೆ, ಬಂದಾಗಲೆಲ್ಲ ಸಂಜೆ ಜಗಲಿಯಲ್ಲಿ ಕುಳಿತು ಮರದ ಲೆಕ್ಕ ಬರೆಯುತ್ತಾಳೆ. ನಿನ್ನೆ ಬರೆದದ್ದನ್ನು ಗಟ್ಟಿಯಾಗಿ ಓದಿದಳು: "ಕೊಕ್ಕರೆ ಎರಡು. ಮಂಗ ಹದಿನೇಳು, ಅದರಲ್ಲಿ ಮರಿ ಮೂರು."

ಚಿಕ್ಕಪ್ಪ ಒಳಗಿನಿಂದಲೇ ಹೇಳಿದರು: "ಮರಿ ನಾಲ್ಕಿದೆ. ಸರಿಯಾಗಿ ನೋಡು, ಒಂದು ತಾಯಿಯ ಹೊಟ್ಟೆಯಡಿ ಇರುತ್ತದೆ."